ಕಚ್ಚಿ ಹಿಡಿದ ಗಾಲಿ

"ಇದರ ಮ್ಯಾಲಿಂದ ಬೀಳಂಗಿಲ್ಲಲ್ಲ?"

ಕ್ಯಾಂಪ್ ಪೇಟೆಯ ಸೈಕಲ್ ಅಂಗಡಿಯಲ್ಲಿ ನಿಂಗವ್ವ ಕೇಳಿದ ಮೊದಲ ಪ್ರಶ್ನೆ ಅದು. ಬೆಲೆ ಆಮೇಲೆ ಕೇಳಿದಳು.

ಅಂಗಡಿಯ ಆಶಿಶ್ ನಕ್ಕ. "ಅಕ್ಕಾರ, ಇದರ ಮ್ಯಾಲಿಂದ ಬೀಳಬೇಕಂದ್ರ ಮದಲ ಮನಿನೇ ಬೀಳಬೇಕ್ರಿ."

ಮನೆಯೊಳಗೆ ಕೂತು ಸೈಕಲ್ಲು ಹೊಡೆಯುವ ಯಂತ್ರ ಅದು. ಟ್ರೇನರ್ ಅನ್ನುತ್ತಾರೆ. ನೋಡಲು ಏನೂ ಇಲ್ಲ; ಎರಡು ಕಾಲು ಚಾಚಿ ನೆಲಕ್ಕೆ ಕೂತ ಕಬ್ಬಿಣದ ಸ್ಟ್ಯಾಂಡು. ಹಿಂದಿನ ಗಾಲಿಯ ಅಚ್ಚನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದು ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸುತ್ತದೆ. ಟಯರಿಗೆ ಒಂದು ಸಣ್ಣ ಉರುಳೆ ಒತ್ತಿಕೊಂಡಿರುತ್ತದೆ. ತುಳಿದರೆ ಗಾಲಿ ತಿರುಗುತ್ತದೆ, ಸೈಕಲ್ಲು ಎಲ್ಲಿಗೂ ಹೋಗುವುದಿಲ್ಲ.

ಅದರ ಬಾಜುಕ್ಕೆ ಇನ್ನೊಂದಿತ್ತು. ಗಾಲಿಯನ್ನೇ ಬಿಚ್ಚಿಟ್ಟು ಸೈಕಲ್ಲನ್ನು ಅದಕ್ಕೆ ಜೋಡಿಸಬೇಕು, ಅದನ್ನು ಟಿವಿಗೆ ಜೋಡಿಸಬೇಕು. "ಟಿವ್ಯಾಗ ಫಾರಿನ್ ಗುಡ್ಡ ಬರ್ತಾವ್ರಿ. ಗುಡ್ಡ ಹತ್ತುಮುಂದ ಪೆಡಲ್ ತಾನ ಬಿಗಿ ಆಗತೈತಿ," ಅಂದ ಆಶಿಶ್.

"ಖಾನಾಪುರ ರೋಡ್ ಬರ್ತೈತೇನು?"

"ಇಲ್ಲ್ರಿ."

"ಅಷ್ಟು ಪುಣ್ಯ," ಅಂದಳು ನಿಂಗವ್ವ. ಬೆಲೆ ಕೇಳಿ ಬಾಯಿ ಮೇಲೆ ಕೈ ಇಟ್ಟಳು. "ಒಂದು ಹಾಲು ಕರಿಯೂ ಎಮ್ಮಿ ಬರ್ತೈತಲ್ಲೋ ತಮ್ಮಾ! ಮ್ಯಾಲ ಕರಾನೂ ಬರ್ತೈತಿ."

ಮಗಳು ಐಶ್ವರ್ಯಾ ಈ ಎರಡನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಮೂಲೆಗಿದ್ದ ಮೂರನೆಯದರ ಮೇಲಿತ್ತು. ಒಂದು ಚೌಕಟ್ಟು, ಅದರಲ್ಲಿ ಮೂರು ಉದ್ದನೆಯ ಉರುಳೆ. ಅದಕ್ಕೆ ರೋಲರ್ ಅನ್ನುತ್ತಾರೆ. ಸೈಕಲ್ಲನ್ನು ಅದರ ಮೇಲೆ ಸುಮ್ಮನೆ ಇಡಬೇಕು. ಯಾವುದೂ ಹಿಡಿಯುವುದಿಲ್ಲ, ಕಚ್ಚುವುದಿಲ್ಲ. ತುಳಿಯುತ್ತಿರುವವರೆಗೆ ನಿಲ್ಲುತ್ತದೆ, ಆಯ ತಪ್ಪಿದರೆ ಬೀಳುತ್ತದೆ.

"ಯವ್ವಾ, ಸರ್ ಇದನ್ನ ಹೇಳ್ಯಾರ."

"ನಿಮ್ಮ ಸರ್ ಏನ್, ಎಲ್ಲಾನೂ ಹೇಳ್ತಾರ," ಅಂದಳು ನಿಂಗವ್ವ. ಆದರೂ ಅವತ್ತು ಏನನ್ನೂ ಕೊಳ್ಳದೆ ಹೊರಗೆ ಬಂದಳು.

ನಿಂಗವ್ವ ನೆಹರು ನಗರದಲ್ಲಿ ಖಾನಾವಳಿ ನಡೆಸುವವಳು. ದವಾಖಾನೆಗೆ ಬಂದ ರೋಗಿಗಳ ಕಡೆಯವರು, ಡಾಕ್ಟರಿಕೆ ಓದುವ ಹುಡುಗರು ಅವಳ ಕೈಯ ರೊಟ್ಟಿ ತಿನ್ನುವವರು. ಗಂಡ ಕಲ್ಲಯ್ಯ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಮಗಳನ್ನು ಬೆಳೆಸಿದಳು, ಅವಳಿಗೆ ರೇಸಿನ ಸೈಕಲ್ಲು ಕೊಡಿಸಿದಳು. "ಹುಡುಗಿಗೆ ಚಡ್ಡಿ ಹಾಕಿ ರೋಡಿಗೆ ಬಿಡತೀಯಲ್ಲ" ಅಂದ ನೆಂಟರ ಮುಖಕ್ಕೆ ಹಿಟ್ಟಿನ ಕೈ ಝಾಡಿಸಿದವಳು. ಆಗ ಅವಳಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಬಂದದ್ದು ಮುಗ್ಧಾ ಸತ್ತ ಮೇಲೆ.

ಮುಗ್ಧಾ ಖಾನಾಪುರದ ಆಚೆ, ಗುಂಜಿಯ ಹುಡುಗಿ. ಐಶ್ವರ್ಯಾಳ ಜೋಡಿ. ಬೆಳಗಿನ ಹೊತ್ತು ಇಬ್ಬರೂ ಖಾನಾಪುರ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸೈಕಲ್ಲು ಹೊಡೆಯುತ್ತಿದ್ದರು. ಮುಂದಿದ್ದವಳು ಗಾಳಿ ಸೀಳಬೇಕು, ತಗ್ಗು ಬಂದರೆ ಕೈ ತೋರಿಸಬೇಕು. ಹಿಂದಿದ್ದವಳು ಗಾಳಿಯ ಮರೆಯಲ್ಲಿ ಸುಧಾರಿಸಿಕೊಳ್ಳುತ್ತ ಬೆನ್ನ ಹಿಂದಿನ ಸದ್ದಿಗೆ ಕಿವಿ ಕೊಟ್ಟಿರಬೇಕು. ಗಾಡಿ ಬಂದರೆ "ಆಲೀ!" ಎಂದು ಒದರಬೇಕು. ಬಂತು ಅನ್ನುವುದಕ್ಕೆ ಮುಗ್ಧಾಳ ಮನೆಯ ಮರಾಠಿ ಮಾತು ಅದು. ಐಶ್ವರ್ಯಾಳೂ ಅದನ್ನೇ ಒದರುತ್ತಿದ್ದಳು. ಆ ಕೂಗು ಕೇಳಿದರೆ ಮುಂದಿನವಳು ತಿರುಗಿ ನೋಡುವ ಹಾಗಿಲ್ಲ. ಎಡಕ್ಕೆ ಸರಿಯಬೇಕು, ಅಷ್ಟೇ. ಹಿಂದಿನವಳ ಕಿವಿಯೇ ಮುಂದಿನವಳ ಜೀವ.

ಬೇಸಿಗೆಯ ಒಂದು ಬೆಳಗ್ಗೆ ದೇಸೂರ ದಾಟಿದ ಮೇಲೆ ಸರದಿ ಬದಲಾಯಿತು. ಮುಗ್ಧಾ ಹಿಂದಕ್ಕೆ ಬಂದಳು. ಸ್ವಲ್ಪ ಹೊತ್ತಿಗೆ "ಆಲೀ!" ಕೇಳಿತು. ಐಶ್ವರ್ಯಾ ಎಡಕ್ಕೆ ಸರಿದಳು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಗರಸು ಮಣ್ಣು ಹೊತ್ತ ಟಿಪ್ಪರು ಅವಳ ಮೊಣಕೈ ಸವರಿಕೊಂಡು ಹೋಯಿತು. ಅವಳು ತಿರುಗಿ ನೋಡಿದಾಗ ಹಿಂದೆ ಸೈಕಲ್ಲಿನ ಮೇಲೆ ಯಾರೂ ಇರಲಿಲ್ಲ.

"ಆಯತಪ್ಪಿ ಬಿದ್ದು ಸೈಕಲ್ ಪಟು ಸಾವು" ಎಂದು ಪೇಪರಿನಲ್ಲಿ ಬಂತು. ಟಿಪ್ಪರಿನ ಮಾತು ಕೊನೆಯ ಸಾಲಿನಲ್ಲಿತ್ತು. ಜನ ಕೊನೆಯ ಸಾಲಿನವರೆಗೆ ಓದುವುದಿಲ್ಲ. ಬಿದ್ದಳಂತೆ, ಬಿದ್ದಳಂತೆ ಎಂದು ಊರೆಲ್ಲ ಅಂದಿತು. ನಿಂಗವ್ವನೂ ಹಾಗೇ ಅಂದಳು.

ಗುರುಪುತ್ರಪ್ಪ ಸರ್ ಈ ಮಕ್ಕಳಿಗೆ ಸೈಕಲ್ಲು ಕಲಿಸುವವರು. ಅವರು ಹುಡುಗ ಹುಡುಗಿಯರನ್ನೆಲ್ಲ ಕರೆದುಕೊಂಡು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ರಸ್ತೆ ಇಲಾಖೆಯ ಕಚೇರಿಯ ಮುಂದೆ ಕೂತರು. ರಸ್ತೆಯ ಅಂಚಿಗೆ ಒಂದು ಗಜ ಡಾಂಬರು ಕೊಡಿ, ಬೆಳಗಿನ ಹೊತ್ತು ಟಿಪ್ಪರು ನಿಲ್ಲಿಸಿ. ಕೇಳಿದ್ದು ಇಷ್ಟೇ. ಮಧ್ಯಾಹ್ನದ ಮೇಲೆ ಸಾಹೇಬರೊಬ್ಬರು ಹೊರಗೆ ಬಂದರು.

"ಹೆಣ್ಣುಮಕ್ಕಳು ನಸುಕಿನ್ಯಾಗ ಹೈವೇಕ್ಕ ಯಾಕ್ ಹೋಗಬೇಕ್ರಿ? ಈಗ ಮನ್ಯಾಗ ಕುಂತು ಸೈಕಲ್ ಹೊಡಿಯೂ ಮಷಿನ್ ಬಂದಾವಲ್ಲ, ತಗೋರಿ," ಅಂದರು. ಒಳಗೆ ಹೋದರು.

ರಸ್ತೆ ಲಾರಿಗೆ ಅಗಲವಾಯಿತು, ಕಾರಿಗೆ ಅಗಲವಾಯಿತು, ಗೋವಾಕ್ಕೆ ಮೋಜಿಗೆ ಹೋಗುವವರಿಗೆ ಅಗಲವಾಯಿತು. ಬಿಳಿ ಗೆರೆಯ ಆಚೆ ಸೈಕಲ್ಲಿಗೆ ಗೇಣು ಜಾಗ ಉಳಿಯಲಿಲ್ಲ. ಒಬ್ಬ ಹುಡುಗಿ ಸತ್ತದ್ದಕ್ಕೆ ಕಚೇರಿ ಕೊಟ್ಟ ಪರಿಹಾರವೆಂದರೆ, ಉಳಿದ ಹುಡುಗಿಯನ್ನು ಒಳಗೆ ಕೂಡಿಸಿ ಅನ್ನುವುದು. ಹೆಣ್ಣಿನ ವಿಷಯದಲ್ಲಿ ಈ ಪರಿಹಾರ ಹೊಸದೇನಲ್ಲ, ಯಂತ್ರವೊಂದು ಹೊಸದು. ಗುರುಪುತ್ರಪ್ಪ ಸರ್ ಸಿಟ್ಟಿನಿಂದ ಎದ್ದು ನಿಂತರು. ಆದರೆ ಹಿಂದಿನ ಸಾಲಿನಲ್ಲಿ ಕೂತಿದ್ದ ನಿಂಗವ್ವನಿಗೆ ಸಾಹೇಬರ ಮಾತು ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ದಾರಿ ಸಿಕ್ಕಿತು ಅಂದುಕೊಂಡಳು.

ಮಳೆಗಾಲ ಮುಗಿದ ಮೇಲೆ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಐಶ್ವರ್ಯಾಳ ವಯಸ್ಸಿನ ಗುಂಪಿಗೆ ಅದೇ ಕೊನೆಯ ವರ್ಷ. "ಇಬ್ಬರೂ ಕೂಡೇ ಹೋಗೂಣು ಅಂದಿದ್ವಿ. ನಾನಾರ ಹೋಗತೇನಿ ಯವ್ವಾ," ಎಂದು ಅತ್ತಳು. ನಿಂಗವ್ವ ಒಪ್ಪಿದಳು, ಒಂದು ಮಾತಿನ ಮೇಲೆ. "ಹೊಡಿ. ಮನ್ಯಾಗ ಹೊಡಿ. ಆಯ್ಕೆ ದಿನದ ತನಕ ರಸ್ತೆಕ್ಕ ಗಾಲಿ ಇಟ್ಟಿ ಅಂದ್ರ ನನ್ನ ಹೆಣಾ ದಾಟಿ ಹೋಗು." ಹೊಸ ಗ್ರೈಂಡರಿಗೆಂದು ಕೂಡಿಟ್ಟಿದ್ದನ್ನು ತೆಗೆದುಕೊಂಡು ಕ್ಯಾಂಪಿಗೆ ಹೋದದ್ದು ಹೀಗೆ.

ಅಂಗಡಿಯಿಂದ ಬಂದ ಸಂಜೆ ಗುರುಪುತ್ರಪ್ಪ ಸರ್ ಖಾನಾವಳಿಗೆ ಬಂದರು. ಬೆಂಚಿನ ಮೇಲೆ ಕೂತು ಅರ್ಧ ಕಪ್ಪು ಚಹಾ ಕುಡಿದರು.

"ಅಕ್ಕಾರ, ರೋಲರ್ ಮ್ಯಾಲ ಕುಂತ್ರ ಹುಡುಗಿ ಸೈಕಲ್ ನಡಸ್ತಾಳ. ಸ್ಟ್ಯಾಂಡಿಗೆ ಕಟ್ಟಿದ್ರ ಬರೇ ತುಳೀತಾಳ. ಕಾಲು ಬಲೀತಾವು, ಖರೇ. ಕೈ, ಮೈ, ಎದಿ ಏನಾಗಬೇಕು? ಮತ್ತ ರೊಕ್ಕಾನೂ ಬ್ಯಾಡ ನಿಮಗ. ಮುಗ್ಧಾನ ರೋಲರ್ ಗುಂಜ್ಯಾಗ ಹಂಗ ಬಿದ್ದಾವು. ಅಕಿ ಅವ್ವ ಕುಂದಾಬಾಯಿ ತಾವ ಫೋನ್ ಮಾಡಿದ್ದರು, ಐಶೂಗೆ ಒಯ್ಯಾಕ ಹೇಳ್ರಿ ಅಂತ."

ನಿಂಗವ್ವ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಸುಮ್ಮನೆ ಕೊಡುತ್ತೇನೆ ಅಂದವರ ಮನೆಗೆ ಹೋಗದೆ ಇರುವುದು ಹೇಗೆ? ಅದೂ ಮಗಳು ಸತ್ತವಳ ಮನೆಗೆ.

ರಸ್ತೆಯ ಮೇಲೆ ಹೋದರೆ ಮುಗ್ಧಾ ಸತ್ತ ಜಾಗ ಬರುತ್ತದೆಂದು ರೈಲಿಗೆ ಹೋದರು. ಐಶ್ವರ್ಯಾ ಸೈಕಲ್ಲಿನ ಗಾಲಿ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಕೊಂಡಿದ್ದಳು. ಖಾನಾಪುರ ಬಿಟ್ಟ ಮೇಲೆ ಮಳೆ ಹಿಡಿಯಿತು. ಗುಂಜಿಯಲ್ಲಿ ಇಳಿದಾಗ ಕಾಡು ಮುಖದ ಹತ್ತಿರ ಬಂದು ನಿಂತಂತಿತ್ತು.

ಮುಗ್ಧಾಳ ತಾಯಿ ಕುಂದಾ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. "ಯಾ ಯಾ, ಒಳಗ ಬರ್ರಿ ನಿಂಗವ್ವತಾಯಿ," ಎಂದು ತಾನೇ ಕೊಡೆ ಹಿಡಿದು ಕರೆದುಕೊಂಡಳು. ಐಶ್ವರ್ಯಾಳ ಗದ್ದ ಹಿಡಿದು ನೋಡಿದಳು. "ಸೊರಗೀದಿ ಪೋರಿ. ನಿಮ್ಮವ್ವ ಊರ ಮಂದಿಗೆಲ್ಲಾ ರೊಟ್ಟಿ ಹಾಕ್ತಾಳ, ನಿನಗ ಹಾಕಂಗಿಲ್ಲೇನು?"

"ಹಾಕ್ತಾಳ್ರಿ ಮಾವಶಿ. ನನಗ ಹೋಗಂಗಿಲ್ಲ," ಅಂದಳು ಹುಡುಗಿ.

ರೋಲರ್ ಮನೆಯ ಮುಂದಿನ ಪಡವಿಯಲ್ಲೇ ಇತ್ತು. ಕುಂದಾ ಅದನ್ನು ಒರೆಸಿ ಇಟ್ಟಿದ್ದಳು. ಆದರೆ ಉರುಳೆಗಳ ನಡುಭಾಗದಲ್ಲಿ ಟಯರು ಓಡಿ ಓಡಿ ಬಿದ್ದ ಕಪ್ಪು ಪಟ್ಟೆ ಹಾಗೇ ಇತ್ತು, ಅದನ್ನು ಒರೆಸಿರಲಿಲ್ಲ.

"ಈ ಮಳ್ಯಾಗ ಹೊರಗ ಹೋಗೂದು ಎಲ್ಲಿ? ಇಲ್ಲೇ ಹೊಡೀತಿದ್ದಳು. ಮನಿ ತುಂಬ ಗುಂಯ್ ಅಂತಿತ್ತು. ನಾ ಒದರತಿದ್ದೆ, ಟಿವಿ ಕೇಳಂಗಿಲ್ಲ, ಸಾಕು ಮಾಡಽ ಬಾಯಿ ಅಂತ." ಕುಂದಾ ನಗಲು ನೋಡಿದಳು. "ಈಗ ಟಿವಿ ಭಾಳ ಛಲೋ ಕೇಳತೈತಿ."

ಐಶ್ವರ್ಯಾ ಗಾಲಿ ಜೋಡಿಸಿ ಸೈಕಲ್ಲನ್ನು ಉರುಳೆಗಳ ಮೇಲೆ ಇಟ್ಟಳು. ಕಂಬ ಹಿಡಿದು ಹತ್ತಿದಳು. ತುಳಿದಳು. ಕಂಬ ಬಿಟ್ಟಳು. ಮುಂದಿನ ಗಾಲಿ ಹಾವಿನ ಹಾಗೆ ಆಡಿತು, ಆಮೇಲೆ ನೆಟ್ಟಗಾಯಿತು. ಪಡವಿ ತುಂಬ ಗುಂಯ್ ಅನ್ನುವ ಸದ್ದು ಏರಿತು. ಕುಂದಾ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತ ನಿಂತಳು. ಐಶ್ವರ್ಯಾಳ ಮುಖದಲ್ಲಿ ಬೇಸಿಗೆಯಿಂದ ಕಾಣದ ಒಂದು ಕಳೆ ಬಂದಿತ್ತು.

ಅಷ್ಟರಲ್ಲಿ ರೈಲುಗಾಡಿಯೊಂದು ಸ್ಟೇಷನ್ನಿನ ಕಡೆಗೆ ಜೋರಾಗಿ ಹಾರ್ನ್ ಹೊಡೆದುಕೊಂಡು ಬಂತು. ಹುಡುಗಿ ಬೆಚ್ಚಿದಳು. ಗಾಲಿ ಉರುಳೆಯಿಂದ ಜಾರಿತು. ಕುಂದಾ ಓಡಿ ಬಂದು ಅಪ್ಪಿ ಹಿಡಿದಳು. ಮೊಣಕಾಲು ತರಚಿತು, ಅಷ್ಟೇ. ಆದರೆ ನಿಂಗವ್ವ ಕೂತಲ್ಲಿಂದ ಚೀರಿಬಿಟ್ಟಿದ್ದಳು.

"ಬ್ಯಾಡ. ಕುಂದಾಬಾಯಿ, ಸಿಟ್ಟಾಗಬ್ಯಾಡ್ರಿ. ನಮಗ ಇದು ಬ್ಯಾಡ."

"ಸತ್ತಾಕಿ ಸಾಮಾನು ಅಂತೇನ್ ತಾಯಿ?"

"ಛೇ, ಹಂಗಲ್ರಿ ಯವ್ವಾ! ಇದರ ಮ್ಯಾಲಿಂದ ಬೀಳತಾಳ್ರಿ. ನಾಳೆ ನಿಮ್ಮಾಕಿ ಬಿದ್ದಂಗ..." ನಿಂಗವ್ವ ನಾಲಿಗೆ ಕಚ್ಚಿಕೊಂಡಳು.

ಕುಂದಾಳ ಮುಖ ಬಾಗಿಲು ಹಾಕಿದಂತಾಯಿತು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ರೋಲರಿನ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿದಳು, ಕೂಸಿಗೆ ಹೊದಿಸಿದ ಹಾಗೆ. ಹೊರಡುವಾಗ ಸಾರಿನ ಹುಳಿಗೆಂದು ಒಂದು ಪೊಟ್ಟಣ ಆಮಸೂಲು ಕೈಗಿಟ್ಟಳು.

ಮರುದಿನ ನಿಂಗವ್ವ ಕ್ಯಾಂಪಿಗೆ ಹೋಗಿ ಕಚ್ಚಿ ಹಿಡಿಯುವ ಸ್ಟ್ಯಾಂಡನ್ನೇ ಕೊಂಡಳು. ಸುಮ್ಮನೆ ಸಿಗುವುದನ್ನು ಬಿಟ್ಟು, ಇದ್ದದ್ದನ್ನೆಲ್ಲ ಕೊಟ್ಟು, ಬೀಳದ ಯಂತ್ರವನ್ನು ಮನೆಗೆ ತಂದಳು. ಅಡಿಗೆ ಮನೆಯ ಬಾಜುವಿನ ಕೋಣೆಯಲ್ಲಿ ಹಿಟ್ಟಿನ ಡಬ್ಬಿಗಳನ್ನು ಸರಿಸಿ ಜಾಗ ಮಾಡಿದಳು. ಆಶಿಶ್‌ನ ಹುಡುಗ ಬಂದು ಜೋಡಿಸಿಕೊಟ್ಟ. ನಿಂಗವ್ವ ಸೈಕಲ್ಲನ್ನು ಎರಡೂ ಕೈಯಿಂದ ಅಲುಗಿಸಿ ನೋಡಿದಳು. ಅಲುಗಲಿಲ್ಲ. ಅವತ್ತು ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಈ ಕಡೆ ರೊಟ್ಟಿ ಬಡಿಯುವ ಸದ್ದು, ಆ ಕಡೆ ಗಾಲಿಯ ಸದ್ದು. ಊಟಕ್ಕೆ ಬಂದ ಡಾಕ್ಟರ್ ಹುಡುಗರು ಚೇಷ್ಟೆ ಮಾಡಿದರು. "ಅಕ್ಕಾರ, ಒಳಗ ಗಿರಣಿ ಹಾಕೀರೇನ್ರಿ?"

"ಹೂಂ, ನಿಮ್ಮ ಹೊಟ್ಟಿಗೆ ಎಷ್ಟು ಬೀಸಿದ್ರೂ ಸಾಲವಲ್ದು," ಅನ್ನುತ್ತಿದ್ದಳು ನಿಂಗವ್ವ. ಕೋಣೆಯ ಕಡೆ ನೋಡಿ ಹೆಮ್ಮೆಯಿಂದ ನಗುತ್ತಿದ್ದಳು.

ಹುಡುಗಿ ದಿನಾ ತುಳಿದಳು. ಗಾಳಿ ಇಲ್ಲದ ಕೋಣೆಯಲ್ಲಿ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎದುರಿಗೆ ಗೋಡೆ. ಟಯರು ಸವೆದು ಕಪ್ಪು ಪುಡಿ ಉದುರಿ, ಮೂಲೆಯ ಹಿಟ್ಟಿನ ಡಬ್ಬಿಗಳ ಮೇಲೆ ಕೂರುತ್ತಿತ್ತು. ನಿಂಗವ್ವ ಅದನ್ನು ಒರೆಸುತ್ತಿದ್ದಳು. ಆಷಾಢ ಹೋಯಿತು, ಶ್ರಾವಣ ಹೋಯಿತು. ಹುಡುಗಿಯ ತೊಡೆ ಕಲ್ಲಾದವು, ಮಾತು ಕಡಿಮೆಯಾಯಿತು.

ಒಂದು ಸಂಜೆ ನಿಂಗವ್ವ ಹಾಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಓಣಿಗೆ ಇಟ್ಟಂಗಿ ಹೊತ್ತ ಗಾಡಿಯೊಂದು ನುಗ್ಗಿತು. ಮನೆಯ ತಗಡು ನಡುಗಿತು. ಆಗ ಐಶ್ವರ್ಯಾ ತುಳಿಯುತ್ತಲೇ ಇಡೀ ಮೈಯನ್ನು ಎಡಕ್ಕೆ ಎಳೆದಳು. ತಲೆ, ಹೆಗಲು, ಸೊಂಟ ಎಲ್ಲವೂ ಎಡಕ್ಕೆ ಬಾಗಿದವು. ಸೈಕಲ್ಲು ಬಾಗಲಿಲ್ಲ. ಕಬ್ಬಿಣ ಕಚ್ಚಿ ಹಿಡಿದಿತ್ತು. ಗಾಡಿ ಹೋಗುವವರೆಗೆ ಹುಡುಗಿ ಹಾಗೇ ಎಡಕ್ಕೆ ಜಗ್ಗುತ್ತ, ಕಣ್ಣು ಮುಚ್ಚಿಕೊಂಡು ತುಳಿದಳು. ನಿಂಗವ್ವ ಹಾಲನ್ನು ಅಲ್ಲೇ ಇಟ್ಟು ಹಿಂದೆ ಸರಿದಳು. ನೋಡಬಾರದ್ದನ್ನು ನೋಡಿದ ಹಾಗಾಗಿತ್ತು. ಆದರೂ ಅವಳು ತನಗೆ ಹೇಳಿಕೊಂಡಳು: ಬೀಳಲಿಲ್ಲ, ನೋಡು.

ಆಯ್ಕೆ ನಡೆದದ್ದು ಸಾಂಬ್ರಾ ರಸ್ತೆಯಲ್ಲಿ. ಭಾನುವಾರ ಬೆಳಗ್ಗೆ ರಸ್ತೆಗೆ ಅಡ್ಡ ಕಂಬ ಇಟ್ಟು ಪೊಲೀಸರು ನಿಂತಿದ್ದರು. ಲಾರಿಗಳು ದೂರದಲ್ಲಿ ಸಾಲುಗಟ್ಟಿ ನಿಂತು ಕಾಯುತ್ತಿದ್ದವು. ಅಂದರೆ ರಸ್ತೆ ನಿಲ್ಲಿಸಲು ಬರುತ್ತದೆ. ಬೇಕೆಂದರೆ ಬರುತ್ತದೆ. ಮುಗ್ಧಾಳ ಸಲುವಾಗಿ ಮಾತ್ರ ಬರಲಿಲ್ಲ.

ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಐಶ್ವರ್ಯಾಳ ಸರದಿ ಬಂತು. ಹೊರಟ ರಭಸಕ್ಕೆ ಗುರುಪುತ್ರಪ್ಪ ಸರ್ ಕೂಡ "ಶಾಬಾಸ್!" ಅಂದರು. ನಿಂಗವ್ವನ ಕಣ್ಣು ತುಂಬಿತು. ತನ್ನ ಕಬ್ಬಿಣ ಗೆದ್ದಿತು ಅನ್ನಿಸಿತು.

ಹೋಗುವ ದಾರಿ ನೆಟ್ಟಗಿತ್ತು. ಮರಳಿ ಬರುವ ತಿರುವಿನಲ್ಲಿ ಅಡ್ಡ ಗಾಳಿ ಬೀಸಿತು. ತಿಂಗಳುಗಟ್ಟಲೆ ಗಾಳಿಯನ್ನೇ ಕಾಣದ ಸೈಕಲ್ಲು ಓಲಾಡಿತು. ಹುಡುಗಿ ಅಗಲವಾಗಿ ತಿರುಗಿ ಒಂದು ಕಾಲು ನೆಲಕ್ಕೆ ಊರಿದಳು. ಮತ್ತೆ ಹೊರಟಳು. ಅವಳ ಹಿಂದೆ ಕಾಯುತ್ತ ಬರುತ್ತಿದ್ದ ಜೀಪಿನವನು, ಪಾಪ, ಹುರುಪು ತುಂಬಲೆಂದು ಒಂದು ಹಾರ್ನ್ ಹೊಡೆದ.

ಅಷ್ಟೇ. ಐಶ್ವರ್ಯಾ ಎಡಕ್ಕೆ ಸರಿದಳು. ಡಾಂಬರು ಬಿಟ್ಟು ಮಣ್ಣಿಗೆ ಇಳಿದಳು. ನಿಂತಳು. ಬೀಳಲಿಲ್ಲ. ಸೈಕಲ್ಲಿನಿಂದ ಇಳಿದು, ಅದನ್ನು ಹುಷಾರಾಗಿ ಮಲಗಿಸಿ, ಕಿವಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಅವಳಾದ ಮೇಲೆ ಬಿಟ್ಟ ಹುಡುಗಿಯರು ಒಬ್ಬೊಬ್ಬರಾಗಿ ಮುಂದೆ ಹೋದರು.

"ಕಾಲು ಅದಾವು ಅಕ್ಕಾರ. ಕೈ ಹೋಗ್ಯಾವು. ಎದಿ ಹೋಗೇತಿ," ಅಂದರು ಗುರುಪುತ್ರಪ್ಪ ಸರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಿಂಗವ್ವನಿಗೆ ಹಗುರಾಗುತ್ತಿತ್ತು.

ಆ ವಾರವೇ ಅವಳು ಒಬ್ಬಳೇ ಗುಂಜಿಗೆ ಹೋದಳು. ಈ ಸಲ ಬಸ್ಸಿಗೆ. ದೇಸೂರ ದಾಟಿದಾಗ ಕಿಟಕಿಯಿಂದ ನೋಡಿದಳು. ಏನೂ ಇರಲಿಲ್ಲ. ಹೊಸ ಡಾಂಬರು, ಬಿಳಿ ಗೆರೆ, ಗೆರೆಯ ಆಚೆ ಒಂದು ಮೊಳ ಕೆಳಗೆ ಕುಸಿದ ಮಣ್ಣು. ಅಲ್ಲಿ ಸೈಕಲ್ಲಿನವರು ಎಡಕ್ಕೆ ಸರಿಯುವುದಾದರೂ ಎಲ್ಲಿಗೆ?

ಕುಂದಾ ರೋಲರಿನ ಮೇಲಿನ ಸೀರೆ ತೆಗೆದಳು. ಅವತ್ತು ನುಂಗಿಕೊಂಡ ಮಾತನ್ನು ಈಗ ಆಡಿದಳು.

"ಪೇಪರದವರು ಬಿದ್ದಳು ಅಂತ ಬರದರು. ಕಚೇರ್ಯಾಗ ಅಂದರು. ನೀವೂ ಅಂದ್ರಿ ತಾಯಿ, ಇದಽ ಪಡವ್ಯಾಗ ನಿಂತು. ಅಕಿ ಬಿದ್ದಿಲ್ಲ. ಅಕಿನ್ನ ಕೆಡವ್ಯಾರ. ಬೀಳೂ ಪೋರಿ ಆಗಿದ್ರ ಈ ಉರುಳಿ ಮ್ಯಾಲ ಇಡೀ ಮಳಿಗಾಲ ಹೆಂಗ ನಿಂತಾಳು? ಹಿಂದ ಗಾಡಿ ಬಂದದ್ದು ಅಕಿಗೆ ಕೇಳಿತ್ತು. ತಾನು ಸರಿಯೂಕಿಂತ ಮದಲ ನಿಮ್ಮ ಐಶೂಗ ಒದರ್ಯಾಳ."

ನಿಂಗವ್ವ ಕುಂದಾಳ ಕಾಲ ಹತ್ತಿರ ಕುಸಿದಳು. ಕುಂದಾ ಎಬ್ಬಿಸಲಿಲ್ಲ. ತಾನೂ ಬಾಜುಕ್ಕೆ ಕೂತಳು. ಆಮೇಲೆ ರೋಲರನ್ನು ಇಬ್ಬರೂ ಸೇರಿ ಬಸ್ಸಿನವರೆಗೆ ಹೊತ್ತು ತಂದರು.

ನಿಂಗವ್ವ ಮನೆಗೆ ಬಂದವಳೇ ಸ್ಟ್ಯಾಂಡಿನ ಹಿಡಿಕೆ ತಿರುವಿದಳು. ಕಚ್ಚಿದ ಕಬ್ಬಿಣ ಬಾಯಿ ಬಿಟ್ಟಿತು. ಬೀದಿಯ ಬಾಗಿಲಿನ ನಡುವೆ ರೋಲರ್ ಇಟ್ಟು, ಅದರ ಮೇಲೆ ಸೈಕಲ್ಲು ತಂದಿಟ್ಟಳು. ಹಿಡಿದುಕೊಳ್ಳಲು ಎರಡೂ ಬದಿಗೆ ಬಾಗಿಲ ಚೌಕಟ್ಟು ಇರಲಿ ಎಂದು.

"ಹತ್ತು ಮಗಳ."

ಐಶ್ವರ್ಯಾ ಉರುಳೆಗಳನ್ನು ನೋಡಿದಳು. ಕಪ್ಪು ಪಟ್ಟೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತಾಯಿಯ ಮುಖ ನೋಡಿ ಕೇಳಿದಳು.

"ಯವ್ವಾ, ಬಿದ್ರ?"

ಮಗಳ ಬಾಯಿಂದ ಬಂದದ್ದು ನಿಂಗವ್ವನದೇ ಮಾತು. ಇಷ್ಟು ದಿನ ತಾನು ಈ ಹುಡುಗಿಗೆ ಉಣಿಸಿದ್ದು ರೊಟ್ಟಿಯನ್ನಲ್ಲ.

"ಬೀಳಂಗಿಲ್ಲ. ನೀ ಬೀಳಾಕಿ ಅಲ್ಲ," ಅಂದಳು. "ಹಿಂದ ನಾ ನಿಂತೇನಿ. ಗಾಡಿ ಬಂದ್ರ ನಾ ಒದರತೇನಿ. ಹತ್ತು."

ಹುಡುಗಿ ಹತ್ತಿದಳು. ಬಲಗೈಯಿಂದ ಚೌಕಟ್ಟು ಹಿಡಿದಳು. ತುಳಿದಳು. ಗುಂಯ್ ಎಂದು ಸದ್ದು ಎದ್ದಿತು. ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅವಳ ಎದುರಿಗೆ ಈಗ ಗೋಡೆ ಇರಲಿಲ್ಲ, ಬೀದಿ ಇತ್ತು.

"ಬಿಡು, ಕೈ ಬಿಡು."

ಬೀದಿಯ ಕೊನೆಗೆ ಲಾರಿಯೊಂದು ತಿರುಗಿತು. ನಿಂಗವ್ವನಿಗೆ ಅದು ಕಂಡಿತು. ಹಿಂದೆ ನಿಂತವಳ ಕೆಲಸ ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಒಲೆಯ ಹೊಗೆ ಕುಡಿದ ದನಿಯಲ್ಲಿ, ತನ್ನದಲ್ಲದ ಆ ಮಾತು ಹೊರಗೆ ಬಂತು: "ಆಲೀ!"

ಐಶ್ವರ್ಯಾ ಚೌಕಟ್ಟನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಹಣೆಯನ್ನು ಮರಕ್ಕೆ ಒತ್ತಿದಳು. ಗಾಲಿ ನಿಧಾನವಾಗಿ, ಸದ್ದು ಇಳಿಸುತ್ತ, ನಿಂತಿತು. ಲಾರಿ ಬಂದು, ಮನೆ ನಡುಗಿಸಿ, ಹೋಯಿತು.

ನಿಂಗವ್ವ ಮಗಳನ್ನು ಇಳಿಸಿಕೊಂಡಳು. ಹುಡುಗಿ ಒಳಗೆ ಹೋಗಿ, ಬಾಯಿ ತೆರೆದುಕೊಂಡು ನಿಂತ ಕಬ್ಬಿಣದ ಸ್ಟ್ಯಾಂಡಿನ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ಮಲಗಿದಳು.

ಊಟ ಮುಗಿಸಿದ ಹುಡುಗನೊಬ್ಬ ಕೈ ತೊಳೆಯಲು ಹೊರಗೆ ಹೋಗಬೇಕಿತ್ತು. ಬಾಗಿಲಿಗೆ ಅಡ್ಡಲಾಗಿದ್ದ ರೋಲರನ್ನು ನೋಡಿ, "ಅಕ್ಕಾರ, ಇದನ್ನ ಬಾಜುಕ್ಕ ಸರಸ್ಲ್ಯಾ?" ಅಂದ.

"ಮುಟ್ಟಬ್ಯಾಡ," ಅಂದಳು ನಿಂಗವ್ವ. "ದಾಟಿ ಹೋಗು. ನಾಳೆನೂ ಅದು ಅಲ್ಲೇ ಇರ್ತೈತಿ."